ಹೂವಿನ ಮೋಹ: ಆರ್ಕಿಡ್ ಸಂಗ್ರಹದ ಇತಿಹಾಸ



ಮನೆಯ ಮುಂದೆ ಹತ್ತು ಕುಂಡಗಳನ್ನಿಡುವಷ್ಟು ಸ್ಥಳವಿರುವವರಿಗೆಲ್ಲ ಒಂದು ಅನುಭವವುಂಟು. ಮೊದಲು ನೆರೆಮನೆಯ ಗುಲಾಬಿಯೊಂದು ಕಣ್ಣಿಗೆ ಬೀಳುತ್ತದೆ. ಅದರ ಕಡ್ಡಿಯನ್ನು ಬೇಡಿ ತಂದು ನೆಡುತ್ತೇವೆ. ಅದು ಚಿಗುರಿ ಹೂ ಬಿಟ್ಟ ದಿನ ಮನೆಯವರಿಗೆಲ್ಲ ಹಬ್ಬ. ಅನಂತರ ಲಾಲ್‌ಬಾಗಿನ ಪುಷ್ಪಪ್ರದರ್ಶನದಲ್ಲಿ ಬೇರೊಂದು ಬಣ್ಣದ ಗುಲಾಬಿ ಕಾಣುತ್ತದೆ, ಅದೂ ಬೇಕೆನಿಸುತ್ತದೆ. ಎರಡು ನಾಲ್ಕಾಗಿ, ನಾಲ್ಕು ನಲವತ್ತಾಗಿ, ಕಡೆಗೆ ಅಂಗಳದಲ್ಲಿ ಕಾಲಿಡಲು ಎಡೆಯಿಲ್ಲದಂತಾಗುತ್ತದೆ. ಆ ಹೊತ್ತಿಗೆ ಮನೆಗೆ ಬಂದವರಿಗೆ ನಾವು ತೋರಿಸುವುದು ಹೂವನ್ನಲ್ಲ, ಕುಂಡಗಳ ಸಂಖ್ಯೆಯನ್ನು. “ಈ ಜಾತಿ ಊರಿನಲ್ಲಿ ಮತ್ತಾರ ಬಳಿಯೂ ಇಲ್ಲ” ಎಂದು ಹೇಳುವಾಗ ಬರುವ ಸಂತೋಷವು, ಮೊದಲ ಕಡ್ಡಿ ಚಿಗುರಿದಾಗ ಬಂದ ಸಂತೋಷದಿಂದ ಬಹಳ ದೂರ ಸರಿದಿರುತ್ತದೆ.

ಇದು ನಿರಪಾಯವಾದ ಹುಚ್ಚು. ಇದರಿಂದ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಇದೇ ಮೋಹವು ಒಂದು ದೇಶದ ಧನಿಕವರ್ಗವನ್ನೇ ಹಿಡಿದು, ಅದರ ಕೈ ಭೂಮಂಡಲದ ಕಾಡುಗಳವರೆಗೆ ಚಾಚಿದ ಕಾಲವೊಂದಿತ್ತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಆರ್ಕಿಡ್ ಎಂಬ ಸಸ್ಯಕುಲದ ವಿಷಯದಲ್ಲಿ ಅದು ನಡೆಯಿತು. ಆ ಇತಿಹಾಸವನ್ನು ಈ ಸಂಜೆ ತಮ್ಮ ಮುಂದೆ ಸಂಗ್ರಹವಾಗಿ ಇಡಬೇಕೆಂದಿದ್ದೇನೆ.

ಆರ್ಕಿಡ್ ಎಂಬ ಹೆಸರು ಪರದೇಶದ್ದಾದರೂ ಗಿಡವು ನಮಗೆ ಅಪರಿಚಿತವಲ್ಲ. ಮಲೆನಾಡಿನವರು ಸೀತಾಳೆದಂಡೆ ಎಂದು ಕರೆಯುವ ಹೂವು ಈ ಕುಲಕ್ಕೇ ಸೇರಿದುದು. ಮುಂಗಾರು ಹತ್ತಿರವಾದಾಗ ದೊಡ್ಡ ಮರಗಳ ಕೊಂಬೆಗಳಿಂದ, ಬಿಳುಪಿನಲ್ಲಿ ನಸುನೇರಳೆಯ ಚುಕ್ಕಿಗಳುಳ್ಳ ಹೂಗೊಂಚಲು ಕಟ್ಟಿದ ದಂಡೆಯಂತೆಯೇ ಇಳಿಬೀಳುತ್ತದೆ. ಹೆಂಗಸರು ಅದನ್ನು ಮುಡಿಯುವುದೂ ಉಂಟು. ಮರದ ಮೇಲೆ ಬೆಳೆಯುವುದರಿಂದ ಅನೇಕರು ಇದನ್ನು ಬಂದಳಿಕೆಯೆಂದು ಭಾವಿಸುತ್ತಾರೆ. ಅದು ತಪ್ಪು. ಬಂದಳಿಕೆಯು ಆಶ್ರಯ ಕೊಟ್ಟ ಮರದ ರಸವನ್ನೇ ಹೀರುತ್ತದೆ. ಸೀತಾಳೆಯಾದರೋ ಮರದಿಂದ ನಿಲ್ಲಲು ನೆಲೆಯನ್ನಲ್ಲದೆ ಬೇರೇನನ್ನೂ ಬೇಡುವುದಿಲ್ಲ. ಬೇರುಗಳನ್ನು ಗಾಳಿಯಲ್ಲಿ ಚಾಚಿ, ಮಳೆಯ ನೀರನ್ನೂ ತೊಗಟೆಯ ಸಂದಿನಲ್ಲಿ ಸೇರಿದ ಕಸಕಡ್ಡಿಯ ಸಾರವನ್ನೂ ಕುಡಿದು ಬದುಕುತ್ತದೆ. ಇಷ್ಟು ಅಲ್ಪತೃಪ್ತವಾದ ಗಿಡಕ್ಕಾಗಿ ಮನುಷ್ಯನು ಇಷ್ಟು ಅತೃಪ್ತನಾದನೆಂಬುದೇ ಈ ಕಥೆಯ ಸೋಜಿಗ.

ಬ್ರೆಜಿಲ್ ದೇಶದಲ್ಲಿ ಸಂಚರಿಸುತ್ತಿದ್ದ ವಿಲಿಯಂ ಸ್ವೇನ್‌ಸನ್ ಎಂಬ ಪ್ರಕೃತಿಶಾಸ್ತ್ರಜ್ಞನು 1818ರಲ್ಲಿ ಕೆಲವು ಗಿಡಗಳನ್ನು ಇಂಗ್ಲೆಂಡಿಗೆ ಕಳುಹಿಸಿದನು. ಅವುಗಳಲ್ಲಿ ಕೆಲವು ಲಂಡನ್ನಿಗೆ ಸಮೀಪದ ಬಾರ್ನೆಟ್ ಎಂಬಲ್ಲಿದ್ದ ವಿಲಿಯಂ ಕ್ಯಾಟ್ಲಿ ಎಂಬ ವರ್ತಕನ ತೋಟವನ್ನು ಸೇರಿ, ಅಂಗೈಯಗಲದ ನೇರಳೆಗೆಂಪು ಹೂವನ್ನು ಬಿಟ್ಟವು. ಬೇರೆ ಗಿಡಗಳ ಕಟ್ಟಿಗೆ ಹೊದಿಕೆಯಾಗಿ ಸುತ್ತಿದ್ದ ಕಸದಿಂದ ಈ ಹೂವು ಹುಟ್ಟಿತೆಂದು ಒಂದು ಕಥೆ ಬಹುಕಾಲದಿಂದ ಪ್ರಚಾರದಲ್ಲಿದೆ. ಕಥೆ ರಮ್ಯವಾಗಿದೆ, ಆದರೆ ಇತಿಹಾಸವನ್ನು ಪರಿಶೀಲಿಸಿದವರು ಅದನ್ನು ಒಪ್ಪುವುದಿಲ್ಲ. ಸ್ವೇನ್‌ಸನ್ ತಿಳಿದೇ ಕಳುಹಿಸಿದ್ದನು. ಸಸ್ಯಶಾಸ್ತ್ರಜ್ಞನಾದ ಜಾನ್ ಲಿಂಡ್ಲಿಯು 1821ರಲ್ಲಿ ಆ ವರ್ತಕನ ಹೆಸರನ್ನೇ ಗಿಡಕ್ಕಿಟ್ಟು, ಅದನ್ನು ಕ್ಯಾಟ್ಲಿಯಾ ಎಂದು ಕರೆದನು.

ವರ್ತಕನ ತೋಟದಲ್ಲಿ ಹೊತ್ತಿದ ಕಿಡಿ ಪ್ರಭುಗಳ ಅರಮನೆಗೆ ಹಬ್ಬಲು ಹೆಚ್ಚು ಕಾಲ ಹಿಡಿಯಲಿಲ್ಲ. ಡೆವನ್‌ಷೈರಿನ ಆರನೆಯ ಡ್ಯೂಕನು 1833ರಲ್ಲಿ ಲಂಡನ್ನಿನ ಒಂದು ಪ್ರದರ್ಶನದಲ್ಲಿ ಚಿಟ್ಟೆಯ ಆಕಾರದ ಆರ್ಕಿಡ್ ಹೂವೊಂದನ್ನು ಕಂಡನು. ಉದ್ದವಾದ ದಂಟಿನ ತುದಿಯಲ್ಲಿ ಹಳದಿಯೂ ಕಂದೂ ಬೆರೆತು, ಈಗಲೋ ಆಗಲೋ ಹಾರಿಹೋಗುವಂತೆ ತೋರುವ ಹೂವದು. ಡ್ಯೂಕನು ಅವಿವಾಹಿತ, ಐಶ್ವರ್ಯಕ್ಕೆ ಮಿತಿಯಿರಲಿಲ್ಲ. ಅಲ್ಲದೆ ಅವನ ಚಾಟ್ಸ್‌ವರ್ತ್ ಅರಮನೆಯ ತೋಟಗಳ ಮುಖ್ಯಾಧಿಕಾರಿಯಾಗಿದ್ದವನು ಜೋಸೆಫ್ ಪ್ಯಾಕ್ಸ್‌ಟನ್. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕಾಗಿ ಕ್ರಿಸ್ಟಲ್ ಪ್ಯಾಲೆಸ್ ಎಂಬ ಗಾಜಿನ ಮಂದಿರವನ್ನು ರಚಿಸಿ ಜಗತ್ಪ್ರಸಿದ್ಧನಾದವನು ಈತನೇ. 1889ರಲ್ಲಿ ಶಂಕುಸ್ಥಾಪನೆಯಾದ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಆ ಮಂದಿರವೇ ಮಾದರಿಯೆಂದು ಹೇಳುವುದುಂಟು.

ಡ್ಯೂಕನು ಜಾನ್ ಗಿಬ್ಸನ್ ಎಂಬ ತರುಣ ತೋಟಗಾರನನ್ನು 1835ರಲ್ಲಿ ಭಾರತಕ್ಕೆ ಕಳುಹಿಸಿದನು. ಬರ್ಮಾದೇಶದ ಆಮ್ಹರ್ಸ್ಟಿಯಾ ಎಂಬ ಸುಂದರವಾದ ಹೂಮರವನ್ನೂ, ಖಾಸಿ ಬೆಟ್ಟಗಳ ಆರ್ಕಿಡ್‌ಗಳನ್ನೂ ತರುವುದು ಅವನ ಕೆಲಸ. ಗಿಬ್ಸನ್ 1837ರಲ್ಲಿ ಹಿಂದಿರುಗಿದಾಗ, ಇಂಗ್ಲೆಂಡಿಗೆ ಹೊಸದಾದ ಎಂಬತ್ತಕ್ಕೂ ಹೆಚ್ಚು ಜಾತಿಯ ಆರ್ಕಿಡ್‌ಗಳು ಅವನೊಡನೆ ಬಂದವು. ಆಮ್ಹರ್ಸ್ಟಿಯಾ ಕೂಡ ಜೀವಸಹಿತವಾಗಿ ಚಾಟ್ಸ್‌ವರ್ತನ್ನು ಸೇರಿತು. ಆದರೆ ಇಂಗ್ಲೆಂಡಿನಲ್ಲಿ ಆ ಮರವು ಮೊಟ್ಟಮೊದಲು ಹೂ ಬಿಟ್ಟುದು 1849ರಲ್ಲಿ, ಈಲಿಂಗ್ ಎಂಬಲ್ಲಿ ಶ್ರೀಮತಿ ಲಾರೆನ್ಸ್ ಎಂಬಾಕೆಯ ತೋಟದಲ್ಲಿ. ಸಮುದ್ರದಾಚೆಗೆ ಆಳನ್ನು ಕಳುಹಿಸಿ ಗಿಡವನ್ನು ತರಿಸುವ ಶಕ್ತಿ ಡ್ಯೂಕನಿಗಿತ್ತು. ಹೂ ಬಿಡೆಂದು ಅದಕ್ಕೆ ಆಜ್ಞಾಪಿಸುವ ಶಕ್ತಿ ಮಾತ್ರ ಇರಲಿಲ್ಲ.

ಜೀವಂತ ಸಸ್ಯಗಳನ್ನು ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿಸುವುದು ಹಿಂದೆ ಬಹಳ ಕಷ್ಟವಾಗಿತ್ತು. ಉಪ್ಪುಗಾಳಿಯೂ ಸಿಹಿನೀರಿನ ಅಭಾವವೂ ಹೆಚ್ಚಿನವನ್ನು ಕೊಲ್ಲುತ್ತಿದ್ದವು. ಲಂಡನ್ನಿನ ವೈದ್ಯನಾದ ನಥಾನಿಯಲ್ ವಾರ್ಡನು 1829ರಲ್ಲಿ, ಪತಂಗದ ಕೋಶವನ್ನು ಮುಚ್ಚಿಟ್ಟಿದ್ದ ಸೀಸೆಯೊಂದರ ಮಣ್ಣಿನಲ್ಲಿ ಪುಟ್ಟ ಜರೀಗಿಡ ತಾನಾಗಿ ಮೊಳೆತುದನ್ನು ಕಂಡನು. ಒಳಗಿನ ತೇವವೇ ಆವಿಯಾಗಿ ಮೇಲೇರಿ, ಹನಿಯಾಗಿ ಇಳಿದು, ಗಿಡವನ್ನು ಸಾಕುತ್ತಿತ್ತು. ಈ ತತ್ತ್ವದ ಮೇಲೆ ಅವನು ಮಾಡಿಸಿದ ಗಾಜಿನ ಪೆಟ್ಟಿಗೆಗಳು 1833ರಲ್ಲಿ ಆಸ್ಟ್ರೇಲಿಯದ ಸಿಡ್ನಿಯವರೆಗೆ ಗಿಡಗಳನ್ನು ಕೆಡದಂತೆ ಮುಟ್ಟಿಸಿದವು. ಅಲ್ಲಿಂದ ಮುಂದೆ ದೂರದೇಶದ ಸಸ್ಯಗಳು ಇಂಗ್ಲೆಂಡಿಗೆ ಬರುವ ದಾರಿ ಸುಗಮವಾಯಿತು.

ಗಿಡಗಳು ಬಂದವು, ಬಂದು ಏನಾದವು? ಇಲ್ಲಿಯೇ ಸಂಗ್ರಾಹಕರ ಅಜ್ಞಾನವು ಮೊದಲು ಪ್ರಕಟವಾಯಿತು. ಉಷ್ಣದೇಶದ ಗಿಡವೆಂದ ಮೇಲೆ ಅದಕ್ಕೆ ಸದಾ ಬೆಂಕಿಯ ಶಾಖ ಬೇಕೆಂದು ಅವರು ಬಗೆದರು. ಆರು ಸಾವಿರ ಅಡಿ ಎತ್ತರದ ಬೆಟ್ಟದ ತಂಪಿನಲ್ಲಿ, ಮಂಜಿನಲ್ಲಿ ಬೆಳೆದ ಗಿಡವನ್ನೂ ಸಮುದ್ರತೀರದ ಕಾಡಿನ ಗಿಡವನ್ನೂ ಒಂದೇ ಮನೆಯಲ್ಲಿ ಕೂಡಿಹಾಕಿ, ಕಿಟಕಿಗಳನ್ನು ಮುಚ್ಚಿ, ಆವಿಯಿಂದ ಬೇಯಿಸಿದರು. ಸಾವಿರಗಟ್ಟಲೆ ಗಿಡಗಳು ಸತ್ತವು. ಇಂಗ್ಲೆಂಡು ಉಷ್ಣವಲಯದ ಆರ್ಕಿಡ್‌ಗಳ ಶ್ಮಶಾನವೆಂಬ ಮಾತು ಆ ದೇಶದವರಲ್ಲಿಯೇ ಹುಟ್ಟಿತು. ಸತ್ತುದಕ್ಕೆ ಬದಲಾಗಿ ಹೊಸದನ್ನು ತರಿಸುವುದು ಧನಿಕರಿಗೆ ಸುಲಭವಾಗಿದ್ದುದರಿಂದ, ಸಾವಿನ ಕಾರಣವನ್ನು ಹುಡುಕುವ ತವಕ ಬಹುಜನಕ್ಕೆ ಉಂಟಾಗಲಿಲ್ಲ. ಪ್ಯಾಕ್ಸ್‌ಟನ್ನನಂಥ ಕೆಲವರು ಮಾತ್ರ ಗಾಳಿಯಾಡುವಂತೆ ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಹದದ ಶಾಖವನ್ನು ಏರ್ಪಡಿಸಿದರು. ಗಿಡದ ತವರು ಎಂಥದೆಂದು ಕೇಳಿದವರ ಬಳಿ ಗಿಡ ಉಳಿಯಿತು.

ಆ ತವರಿನ ಗತಿಯೇನಾಯಿತೆಂಬುದನ್ನು ಈಗ ನೋಡೋಣ. ಖಾಸಿ ಬೆಟ್ಟಗಳಲ್ಲಿ ವಾಂಡಾ ಸೆರೂಲಿಯಾ ಎಂಬ ನೀಲಿಯ ಆರ್ಕಿಡ್ ಉಂಟು. ಈ ಕುಲದಲ್ಲಿ ನೀಲಿಬಣ್ಣ ಬಹು ಅಪರೂಪ. ವಿಲಿಯಂ ಗ್ರಿಫಿತ್ ಎಂಬ ಸಸ್ಯಶಾಸ್ತ್ರಜ್ಞನು ಅದನ್ನು 1837ರಲ್ಲಿ ಮೊದಲು ಕಂಡನು. 1850ರಲ್ಲಿ ಜೋಸೆಫ್ ಹೂಕರನು ಅಲ್ಲಿಗೆ ಹೋದಾಗ, ಓಕ್ ಮರಗಳ ಮೇಲೆ ಅದು ಯಥೇಚ್ಛವಾಗಿ ಅರಳಿದ್ದಿತು. ಅವನು ಲಂಡನ್ನಿನ ಕ್ಯೂ ತೋಟಕ್ಕಾಗಿ ಏಳು ಆಳಿನ ಹೊರೆಯಷ್ಟು ಗಿಡಗಳನ್ನು ಕೀಳಿಸಿ ಕಳುಹಿಸಿದನು. ಜೀವದಿಂದ ಮುಟ್ಟಿದವು ಕೆಲವೇ. ಅವನಿಂದ ಸ್ಥಳವನ್ನು ತಿಳಿದುಕೊಂಡ ಮತ್ತೊಬ್ಬ ಮಹನೀಯನು ಒಂದು ಆಳಿನ ಹೊರೆಯನ್ನು ಮಾರಾಟಕ್ಕೆ ಕಳುಹಿಸಿದನು. ಅದು ಬಹಳ ಕೆಟ್ಟ ಸ್ಥಿತಿಯಲ್ಲಿ ತಲುಪಿದರೂ 300 ಪೌಂಡುಗಳಿಗೆ ಮಾರಾಟವಾಯಿತು. ಒಂದೊಂದು ಗಿಡಕ್ಕೆ ಮೂರರಿಂದ ಹತ್ತು ಪೌಂಡುಗಳವರೆಗೆ ಬೆಲೆ ಬಂದಿತು. ಚುರುಕಾದ ಸಂಗ್ರಾಹಕನೊಬ್ಬನು ಖಾಸಿ ಆರ್ಕಿಡ್‌ಗಳ ಮಾರಾಟದಿಂದ ಒಂದೇ ಋತುವಿನಲ್ಲಿ ಎರಡು ಮೂರು ಸಾವಿರ ಪೌಂಡುಗಳನ್ನು ಗಳಿಸಬಹುದೆಂದು ಹೂಕರನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟನು.

ಇದೇ ಹೂಕರನು ಅದೇ ವರ್ಷ ಚಿರಾಪುಂಜಿಯಿಂದ ಬರೆದ ಪತ್ರವೊಂದರಲ್ಲಿ, ಹಲವು ಸಂಗ್ರಾಹಕರ ಆಳುಗಳು ಏಕಕಾಲದಲ್ಲಿ ಬೆಟ್ಟಗಳಿಗೆ ನುಗ್ಗಿರುವುದನ್ನೂ, ದಾರಿಯ ಎರಡು ಬದಿಗಳೂ ಬರಿದಾಗುತ್ತಿರುವುದನ್ನೂ, ಕಿತ್ತೆಸೆದ ಕೊಂಬೆಗಳೂ ಆರ್ಕಿಡ್‌ಗಳೂ ಮೈಲಿಗಟ್ಟಲೆ ಕೊಳೆಯುತ್ತಿರುವುದನ್ನೂ ವರ್ಣಿಸಿದ್ದಾನೆ. ಅವನು ದುಷ್ಟನಲ್ಲ, ಆ ಶತಮಾನದ ಮಹಾ ಸಸ್ಯಶಾಸ್ತ್ರಜ್ಞರಲ್ಲಿ ಒಬ್ಬ. ಹಾಳನ್ನು ಕಂಡು ಮರುಗಿದವನೂ ಅವನೇ, ಲಾಭದ ಲೆಕ್ಕವನ್ನು ಲೋಕಕ್ಕೆ ಹೇಳಿಕೊಟ್ಟವನೂ ಅವನೇ. ಪ್ರೀತಿಯೂ ನಾಶವೂ ಒಬ್ಬನೇ ಮನುಷ್ಯನ ಎರಡು ಕೈಗಳಾಗಬಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಮುಂದೆ ಈ ವ್ಯವಹಾರವು ದೊಡ್ಡ ವ್ಯಾಪಾರವಾಯಿತು. ಲಂಡನ್ನಿನ ವೀಚ್ ಸಂಸ್ಥೆಯವರೂ, ಸೇಂಟ್ ಆಲ್ಬನ್ಸ್ ಪಟ್ಟಣದ ಫ್ರೆಡರಿಕ್ ಸ್ಯಾಂಡರನೂ ಸಂಬಳದ ಬೇಟೆಗಾರರನ್ನು ದಕ್ಷಿಣ ಅಮೆರಿಕ, ಬರ್ಮಾ, ಫಿಲಿಪೀನ್ಸ್ ಮೊದಲಾದ ಕಡೆಗಳಿಗೆ ಅಟ್ಟಿದರು. ಗಿಡ ಸಿಕ್ಕಿದ ಸ್ಥಳವನ್ನು ಪ್ರತಿಸ್ಪರ್ಧಿಗಳಿಗೆ ತಿಳಿಯದಂತೆ ಬಚ್ಚಿಡುವುದು ಪದ್ಧತಿಯಾಯಿತು. ಪರಿಣಾಮವಾಗಿ ಕೆಲವು ಜಾತಿಗಳ ನೆಲೆಯೇ ಮರೆತುಹೋಯಿತು. ಲಿಂಡ್ಲಿಯು ಹೆಸರಿಟ್ಟ ಆ ಮೊದಲ ಕ್ಯಾಟ್ಲಿಯಾದ ಕಾಡು ಎಲ್ಲಿದೆಯೆಂಬುದು ಹತ್ತಾರು ವರ್ಷ ಯಾರಿಗೂ ತಿಳಿಯದೆ, ಆ ಶತಮಾನ ಮುಗಿಯುವ ಹೊತ್ತಿಗೆ ಮತ್ತೆ ಬ್ರೆಜಿಲಿನಲ್ಲಿಯೇ ಪತ್ತೆಯಾಯಿತು. 1857ರಲ್ಲಿ ಇಂಗ್ಲೆಂಡಿನಲ್ಲಿ ಹೂ ಬಿಟ್ಟ ಹಿಮಾಲಯದ ಪಾದರಕ್ಷೆಯಾಕಾರದ ಆರ್ಕಿಡ್ ಒಂದು ಹೀಗೆಯೇ ಕಣ್ಮರೆಯಾದಾಗ, ಸ್ಯಾಂಡರನು ಅದನ್ನು ಹುಡುಕಿಕೊಟ್ಟವರಿಗೆ ಸಾವಿರ ಪೌಂಡುಗಳ ಬಹುಮಾನವನ್ನು ಸಾರಿದನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅದು ಭೂತಾನದ ಕಡೆಯಲ್ಲಿ ಪುನಃ ದೊರೆಯಿತು.

ಈ ಬೇಟೆಯ ಸ್ವರೂಪವನ್ನು ಬೇಟೆಗಾರನ ಬಾಯಿಂದಲೇ ಕೇಳಬೇಕಾದರೆ ಆಲ್ಬರ್ಟ್ ಮಿಲಿಕನ್ ಎಂಬಾತನು 1891ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥವನ್ನು ನೋಡಬೇಕು. ಕೊಲಂಬಿಯದ ಕಾಡುಗಳಲ್ಲಿ ಓಡಾಂಟೊಗ್ಲಾಸಂ ಕ್ರಿಸ್ಪಂ ಎಂಬ ಬೆಳ್ಳನೆಯ ಆರ್ಕಿಡ್ ಮರದ ತುದಿಕೊಂಬೆಗಳಲ್ಲಿ ಬೆಳೆಯುತ್ತದೆ. ಏರುವುದಕ್ಕಿಂತ ಮರವನ್ನೇ ಉರುಳಿಸುವುದು ಸುಲಭ. ಎರಡು ತಿಂಗಳ ಕೆಲಸದಲ್ಲಿ ಸುಮಾರು 10,000 ಗಿಡಗಳನ್ನು ಕೂಡಿಹಾಕಲು ಸುಮಾರು 4,000 ಮರಗಳನ್ನು ಕಡಿಸಿದೆನೆಂದು ಅವನು ಸಂಕೋಚವಿಲ್ಲದೆ ಬರೆದಿದ್ದಾನೆ. ಅಂದರೆ ಎರಡೂವರೆ ಗಿಡಕ್ಕೆ ಒಂದು ಮರ. ಆ ಗಿಡಗಳಲ್ಲಿ ದಾರಿಯಲ್ಲಿ ಕೊಳೆತುವೆಷ್ಟು, ಗಾಜಿನ ಮನೆಯಲ್ಲಿ ಬೆಂದುವೆಷ್ಟು ಎಂಬುದು ಬೇರೆ ಲೆಕ್ಕ. ಪುಷ್ಪಪ್ರದರ್ಶನದ ಮೇಜಿನ ಮೇಲೆ ಆ ಶುಭ್ರವಾದ ಹೂವನ್ನು ಕಂಡು ಮೆಚ್ಚಿದ ಸಜ್ಜನರ ಕಣ್ಣಿಗೆ ಕಡಿದ ಮರದ ಬೊಡ್ಡೆ ಬೀಳಲಿಲ್ಲ.

ಹೀಗೆಂದ ಮಾತ್ರಕ್ಕೆ ಸಂಗ್ರಹವೆಂಬುದೇ ಪಾಪವೆಂದು ಹೇಳುವುದು ನನ್ನ ಉದ್ದೇಶವಲ್ಲ. ಆರ್ಕಿಡ್ ಹುಚ್ಚಿನಿಂದ ಲೋಕಕ್ಕೆ ಆದ ಉಪಕಾರವನ್ನೂ ನೆನೆಯಬೇಕು. ಟಾಟನ್‌ಹ್ಯಾಂ ಎಂಬಲ್ಲಿ ಜಾನ್ ಡೇ ಎಂಬ ಗೃಹಸ್ಥನಿದ್ದನು. ಅವನೂ ಮಹಾ ಸಂಗ್ರಾಹಕನೇ. ಆದರೆ ಗಿಡವು ಹೂ ಬಿಟ್ಟೊಡನೆ ಅವನು ಅದರ ಮುಂದೆ ಕುಳಿತು ಚಿತ್ರ ಬರೆಯುತ್ತಿದ್ದನು. ಹೂವಿನ ಬಣ್ಣ, ಅದು ಬಂದ ಸ್ಥಳ, ಕೊಟ್ಟ ಬೆಲೆ ಎಲ್ಲವನ್ನೂ ಪಕ್ಕದಲ್ಲಿ ಗುರುತು ಮಾಡುತ್ತಿದ್ದನು. 1863ರಿಂದ 1888ರವರೆಗೆ ಇಪ್ಪತ್ತೈದು ವರ್ಷ ಹೀಗೆ ಬರೆದು 53 ಪುಸ್ತಕಗಳನ್ನು ತುಂಬಿದನು. ಅವನ ಗಿಡಗಳ ದೊಡ್ಡ ಸಂಗ್ರಹವು 1881ರಲ್ಲಿ ಹರಾಜಾಗಿ ಹತ್ತು ಕೈಗಳಿಗೆ ಹಂಚಿಹೋಯಿತು. ಚಿತ್ರಗಳನ್ನು ಅವನ ಸೋದರಿಯು 1902ರಲ್ಲಿ ಕ್ಯೂ ತೋಟಕ್ಕೆ ಒಪ್ಪಿಸಿದಳು. ಅವು ಇಂದಿಗೂ ಅಲ್ಲಿವೆ, ವಿದ್ವಾಂಸರಿಗೆ ಆಕರಗಳಾಗಿವೆ. ಗಿಡಗಳು ಮಾರಾಟದ ವಸ್ತುಗಳಾಗಿ ಚದುರಿದವು. ಆ ಗಿಡಗಳನ್ನು ಅವನು ಕಣ್ಣಿಟ್ಟು ನೋಡಿದುದು ಮಾತ್ರ ಉಳಿಯಿತು.

ಜೇಮ್ಸ್ ಬೇಟ್‌ಮನ್ ಎಂಬ ಮತ್ತೊಬ್ಬ ಸಂಗ್ರಾಹಕನು ಮಡಗಾಸ್ಕರ್ ದ್ವೀಪದ ಆರ್ಕಿಡ್ ಹೂವನ್ನು 1862ರಲ್ಲಿ ಚಾರ್ಲ್ಸ್ ಡಾರ್ವಿನ್ನನಿಗೆ ಕಳುಹಿಸಿದನು. ಆ ಹೂವಿನ ಹಿಂಬದಿಯಲ್ಲಿ ಸುಮಾರು ಒಂದಡಿ ಉದ್ದದ ಸಣ್ಣ ಕೊಳವೆಯಿದ್ದು, ಅದರ ತಳದಲ್ಲಿ ಮಾತ್ರ ಮಕರಂದವಿದ್ದಿತು. ಅಷ್ಟು ಉದ್ದದ ಸೊಂಡಿಲುಳ್ಳ ಪತಂಗವೊಂದು ಆ ದ್ವೀಪದಲ್ಲಿ ಇರಲೇಬೇಕೆಂದು ಡಾರ್ವಿನ್ ಊಹಿಸಿದನು. ಅನೇಕರು ನಕ್ಕರು. ಡಾರ್ವಿನ್ ತೀರಿಕೊಂಡು ಇಪ್ಪತ್ತೊಂದು ವರ್ಷಗಳಾದ ಮೇಲೆ, 1903ರಲ್ಲಿ, ಅಂಥ ಪತಂಗವನ್ನು ಶಾಸ್ತ್ರಜ್ಞರು ವರ್ಣಿಸಿ ಹೆಸರಿಟ್ಟರು. ಬೇಟ್‌ಮನ್ ತನ್ನ ಹೂವನ್ನು ಬೀಗದೊಳಗಿಟ್ಟಿದ್ದರೆ ಈ ವಿಚಾರವು ಅಷ್ಟು ಬೇಗ ಹೊರಬರುತ್ತಿರಲಿಲ್ಲ.

ಇದೆಲ್ಲಕ್ಕಿಂತಲೂ ದೊಡ್ಡ ಉಪಕಾರವು ಬೀಜದ ರಹಸ್ಯವನ್ನು ಬಿಡಿಸಿದವರಿಂದ ಆಯಿತು. ಆರ್ಕಿಡ್ಡಿನ ಒಂದು ಕಾಯಿಯಲ್ಲಿ ಲಕ್ಷಾಂತರ ಬೀಜಗಳಿರಬಹುದು. ಆದರೆ ಧೂಳಿನಷ್ಟು ಸಣ್ಣದಾದ ಆ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರದ ಸಂಚಯವಿರುವುದಿಲ್ಲ. ವೀಚ್ ಸಂಸ್ಥೆಯ ತೋಟಗಾರನಾದ ಜಾನ್ ಡಾಮಿನಿಯು ಎರಡು ಜಾತಿಗಳನ್ನು ಕೂಡಿಸಿ ಬೆಳೆಸಿದ ಮೊದಲ ಸಂಕರ ಆರ್ಕಿಡ್ 1856ರಲ್ಲಿ ಹೂ ಬಿಟ್ಟಿತಾದರೂ, ಬೀಜವು ಮೊಳೆಯುವುದು ಅದೃಷ್ಟದ ಮಾತಾಗಿಯೇ ಉಳಿದಿತ್ತು. ನೆಲದೊಳಗಿನ ಒಂದು ಬಗೆಯ ಶಿಲೀಂಧ್ರವು ಬೀಜಕ್ಕೆ ದಾದಿಯಂತೆ ಉಣಿಸುತ್ತದೆಂಬುದನ್ನು ಫ್ರಾನ್ಸಿನ ನೊಯೆಲ್ ಬರ್ನಾರನು 1899ರಲ್ಲಿ ಕಂಡುಹಿಡಿದನು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬ ಶಾಸ್ತ್ರಜ್ಞನು, ಶಿಲೀಂಧ್ರದ ನೆರವಿಲ್ಲದೆಯೇ, ಸಕ್ಕರೆಯೂ ಲವಣಗಳೂ ಬೆರೆತ ಪಾಕದ ಮೇಲೆ ಗಾಜಿನ ಸೀಸೆಯಲ್ಲಿ ಬೀಜವನ್ನು ಮೊಳೆಯಿಸುವ ವಿಧಾನವನ್ನು ಪ್ರಕಟಿಸಿದನು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲನು ಚಿಗುರಿನ ತುದಿಯ ಕಣದಿಂದಲೇ ಗಿಡವನ್ನು ಪಡೆಯುವ ಮಾರ್ಗವನ್ನು ತೋರಿಸಿದನು. ಇಂದು ಬೆಂಗಳೂರಿನ ಅಂಗಡಿಯಲ್ಲಿ ದೊರೆಯುವ ಆರ್ಕಿಡ್ ಹೂವು ಹೆಚ್ಚಾಗಿ ಇಂಥ ಸೀಸೆಗಳ ಸಂತತಿಯೇ. ಒಂದು ಕಾಲದಲ್ಲಿ ಡ್ಯೂಕನಿಗೆ ಮಾತ್ರ ಲಭ್ಯವಾಗಿದ್ದುದು, ಒಂದು ಮರವನ್ನೂ ಕಡಿಯದೆ, ಸಾಮಾನ್ಯನ ಮೇಜಿನ ಮೇಲೆ ಕುಳಿತಿದೆ.

ಹಾಗಾದರೆ ಕಾಡಿನ ಅಪಾಯ ಕಳೆಯಿತೆ? ಪೂರ್ತಿ ಕಳೆಯಲಿಲ್ಲ. ಅಪರೂಪವೆಂಬುದಕ್ಕಾಗಿಯೇ ಅಪರೂಪವನ್ನು ಬಯಸುವವರು ಈಗಲೂ ಇದ್ದಾರೆ. ಅಂಥವರಿಗೆ ಸೀಸೆಯಲ್ಲಿ ಬೆಳೆದ ಗಿಡ ರುಚಿಸುವುದಿಲ್ಲ. ತಿರುವಾಂಕೂರಿನ ಬೆಟ್ಟಗಳಲ್ಲಿ ಹೀಬರ್ ಡ್ರೂರಿ ಎಂಬ ಸೇನಾಧಿಕಾರಿಯು 1865ರಲ್ಲಿ ಕಂಡ, ಅವನ ಹೆಸರನ್ನೇ ಹೊತ್ತ ಹಳದಿಯ ಪಾದರಕ್ಷೆಯ ಆರ್ಕಿಡ್ ಒಂದುಂಟು. ದಕ್ಷಿಣ ಭಾರತದಲ್ಲಿ ಈ ಬಗೆಯದು ಅದೊಂದೇ. ಅತಿಯಾಗಿ ಕಿತ್ತುದರಿಂದ ಅದು ಕಾಡಿನಲ್ಲಿ ಇಂದು ನಿರ್ನಾಮದ ಅಂಚಿಗೆ ಬಂದಿದೆ. ಖಾಸಿ ಬೆಟ್ಟದ ನೀಲಿ ವಾಂಡಾವನ್ನೂ ಪಾದರಕ್ಷೆಯ ಆರ್ಕಿಡ್‌ಗಳನ್ನೂ ರಕ್ಷಿಸಲು ಭಾರತ ಸರ್ಕಾರವು ವನ್ಯಜೀವಿ ಸಂರಕ್ಷಣೆಯ ಶಾಸನಕ್ಕೆ 1991ರಲ್ಲಿ ತಿದ್ದುಪಡಿ ಮಾಡಬೇಕಾಯಿತು. 1975ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವೊಂದು ಕಾಡಿನ ಆರ್ಕಿಡ್‌ಗಳ ಪರದೇಶವ್ಯಾಪಾರವನ್ನು ನಿರ್ಬಂಧಕ್ಕೆ ಒಳಪಡಿಸಿದೆ. ಪ್ರೀತಿಗೆ ತನ್ನ ಮಿತಿ ತಿಳಿಯದಿದ್ದಾಗ ಶಾಸನವು ಅದನ್ನು ಕಲಿಸಲು ಬರಬೇಕಾಗುತ್ತದೆ. ಬರುವ ಹೊತ್ತಿಗೆ ಬಹಳಷ್ಟು ಹೋಗಿರುತ್ತದೆ.

ಕಡೆಯಲ್ಲಿ ಚಾಟ್ಸ್‌ವರ್ತಿಗೆ ಮತ್ತೊಮ್ಮೆ ಹೋಗಿ ಬರೋಣ. ಪ್ಯಾಕ್ಸ್‌ಟನ್ ಅಲ್ಲಿ ಉಷ್ಣದೇಶದ ಸಸ್ಯಗಳಿಗಾಗಿ 1836ರಿಂದ ಕಟ್ಟಿಸಿದ ಮಹಾ ಗಾಜಿನ ಮನೆಯು 277 ಅಡಿ ಉದ್ದ, 123 ಅಡಿ ಅಗಲ, 67 ಅಡಿ ಎತ್ತರವಾಗಿತ್ತು. 1843ರಲ್ಲಿ ವಿಕ್ಟೋರಿಯಾ ರಾಣಿಯು ಬಂದಾಗ, ಒಳಗೆ ಸಹಸ್ರಾರು ದೀಪಗಳನ್ನು ಬೆಳಗಿಸಿ, ಅವಳ ಗಾಡಿಯನ್ನು ಅದರ ನಡುವೆಯೇ ಓಡಿಸಿದರು. ಡ್ಯೂಕನು 1858ರಲ್ಲಿ ತೀರಿಕೊಂಡನು. ಮೊದಲ ಮಹಾಯುದ್ಧದ ಕಾಲದಲ್ಲಿ ಆ ಮನೆಯನ್ನು ಕಾಯಿಸಲು ಕಲ್ಲಿದ್ದಲು ಸಿಗಲಿಲ್ಲ. ಒಳಗಿದ್ದ ಗಿಡಗಳು ಚಳಿಗೆ ಸತ್ತವು. 1920ರಲ್ಲಿ ಮನೆಯನ್ನೇ ಸಿಡಿಮದ್ದಿಟ್ಟು ಉರುಳಿಸಿದರು.

ಮನುಷ್ಯನು ಕೂಡಿಟ್ಟುದು ಅವನ ಬೆಂಕಿ ಆರುವವರೆಗೆ ಮಾತ್ರ ಬದುಕುತ್ತದೆ. ಇದನ್ನು ನೆನೆದಾಗ ನಮ್ಮ ಹೆಂಗಸರ ಒಂದು ಹಳೆಯ ಪದ್ಧತಿಯ ಬೆಲೆ ನನಗೆ ಹೆಚ್ಚಾಗಿ ತೋರುತ್ತದೆ. ತಮ್ಮ ಅಂಗಳದಲ್ಲಿ ಒಳ್ಳೆಯ ಹೂಗಿಡವಿದ್ದರೆ, ಬೇಡಿ ಬಂದವರಿಗೆ ಬೇಲಿಯ ಮೇಲಿನಿಂದ ಒಂದು ಕಡ್ಡಿಯನ್ನು ಮುರಿದುಕೊಡುತ್ತಾರೆ. ತಮ್ಮ ಗಿಡವು ಒಂದು ಬೇಸಗೆಯಲ್ಲಿ ಒಣಗಿಹೋದರೆ, ಕೊಟ್ಟಲ್ಲಿಂದಲೇ ಅದನ್ನು ಮರಳಿ ಪಡೆಯುತ್ತಾರೆ. ಇದು ಸಂಗ್ರಹಶಾಸ್ತ್ರದ ಪರಮರಹಸ್ಯವೆಂದು ನಾನು ಎಣಿಸಿದ್ದೇನೆ. ಹೂವಿನ ಮೋಹವುಳ್ಳವರು ಗಿಡಗಳನ್ನು ಕೂಡಿಸಲಿ, ಹೆಸರುಗಳನ್ನು ಕಲಿಯಲಿ, ಹೊಸ ಬಣ್ಣಕ್ಕಾಗಿ ಆಸೆಪಡಲಿ. ಇವೆಲ್ಲ ಒಳ್ಳೆಯ ಸಂತೋಷಗಳೇ. ಆದರೆ ಕೊಳ್ಳುವ ಮೊದಲು ಗಿಡವು ತೋಟದಲ್ಲಿ ಬೆಳೆದುದೋ ಕಾಡಿನಿಂದ ಕಿತ್ತುದೋ ಎಂದು ಕೇಳಲಿ. ಕೊಂಡ ಮೇಲೆ ಅದನ್ನು ಬೆಳೆಸಿ ಇನ್ನೊಬ್ಬರಿಗೆ ಕೊಡಲಿ. ಸೀತಾಳೆದಂಡೆಯನ್ನು ನೋಡುವ ಆಸೆಯಾದರೆ, ಮುಂಗಾರಿನ ಹೊತ್ತಿಗೆ ಒಮ್ಮೆ ಮಲೆನಾಡಿಗೆ ಹೋಗಿ ಬರುವುದು ಮೇಲು. ಕೊಂಬೆಯ ಮೇಲೆ, ಅದು ನಿಂತ ನೆಲೆಯಲ್ಲಿಯೇ, ಅದು ಅತ್ಯಂತ ಸುಂದರವಾಗಿ ಕಾಣುತ್ತದೆ. ಅದನ್ನು ಸಾಕಲು ಅಲ್ಲಿ ಯಾವ ಕಲ್ಲಿದ್ದಲೂ ಬೇಕಾಗಿಲ್ಲ.